ಖೋಲಿ ಉಳಿಸಿಕೊಂಡ ವರ್ಷ

ನನ್ನ ತಂಗಿಯ ಫೋನಿಗೆ ಬಂದದ್ದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೆ. ರಾಯಚೂರಿನ ಕೋರ್ಟಿನಲ್ಲಿ ನಿಂತು, ನೋಡಿಲ್ಲ ಎಂದು ಹೇಳಿದೆ. ಮೊದಲ ಸಲ ಹೇಳಿದಾಗ ಟೈಪು ಮಾಡುವವರಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಮ್ಮ ಎಂದರು. ಗಟ್ಟಿಯಾಗಿ ಹೇಳಿದೆ. ಕಂಡದ್ದನ್ನು ಕಂಡೆ ಎಂದು ಹೇಳುವುದಷ್ಟೇ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ.

ತಂಗಿಯ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಕೇಸಿನಲ್ಲಿ ಹುಡುಗಿಯ ಹೆಸರು ಎಲ್ಲಿಯೂ ಬರಬಾರದು ಎಂದು ಆಗಲೇ ಹೇಳಿದ್ದರು. ಮಲ್ಲಿ ಅನ್ನುತ್ತೇನೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ.

ಈ ಮಳೆಗಾಲದಲ್ಲಿ ಒಂದು ದಿನ ಹೊಲಿಗೆಯ ದಾರ, ಹುಕ್ಕು ತರಲು ಮಾನ್ವಿಗೆ ಹೋಗಿದ್ದೆ. ಈಗ ನಾನಿರುವುದು ಕಲ್ಲೂರಿನಲ್ಲಿ. ಊರಿನ ಬಸ್ಸು ಬರುವುದು ತಡವಿತ್ತು, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ತೆಗೆದುಕೊಂಡು ಕುಳಿತೆ. ಗೋಡೆಯ ಮೇಲಿನ ಟಿವಿಯಲ್ಲಿ ಪಾರ್ಲಿಮೆಂಟಿನ ಚರ್ಚೆ ನಡೆದಿತ್ತು. ಹೆಣ್ಣುಮಗಳೊಬ್ಬಳು ಎದ್ದು ನಿಂತು ಹಿಂದಿಯಲ್ಲಿ ಏನೋ ಜೋರಾಗಿ ಹೇಳುತ್ತಿದ್ದಳು. ಕೆಳಗೆ ಕನ್ನಡದ ಅಕ್ಷರ ಓಡುತ್ತಿತ್ತು. ಫೋನಿನ ಮೂಲಕ ಮಕ್ಕಳಿಗೆ ಕಾಟ ಕೊಡುವವರಿಗೆ ಇನ್ನೂ ಹೆಚ್ಚು ವರ್ಷ ಶಿಕ್ಷೆಯಾಗಬೇಕು ಎಂದು ಓದಿಕೊಂಡೆ. ಇನ್ನೊಬ್ಬರು ಎದ್ದು, ಶಿಕ್ಷೆ ಹೆಚ್ಚಿಸಿದರೆ ಸಾಕೇ ಎಂದು ಕೇಳಿದರು. ಗದ್ದಲವಾಯಿತು.

"ಅಂಥವ್ರನ್ನ ಜೀವಂತ ಇರೋ ತನಕ ಒಳಗ ಇಡಬೇಕ್ರಿ," ಎಂದ ಪಕ್ಕದ ಮೇಜಿನವನು.

ಗಲ್ಲಾದ ಮೇಲೆ ಕುಳಿತವನು ನಕ್ಕ. "ಇಡ್ತಾರ, ಇಡ್ತಾರ. ಮೊದ್ಲ ಸಾಕ್ಷಿ ಹೇಳೋರನ್ನ ಹುಡುಕ್ಕೊಂಡು ಬಾರಪಾ. ಟಿವಿ ಮುಂದ ಎಲ್ರೂ ಹುಲಿ."

ಅದೇ ಹೊತ್ತಿಗೆ ಗಾಳಿ ತಿರುಗಿ ರೈಸ್ ಮಿಲ್ಲಿನ ವಾಸನೆ ಒಳಗೆ ಬಂತು. ನೆನೆಹಾಕಿದ ಭತ್ತವನ್ನು ಆವಿಯಲ್ಲಿ ಬೇಯಿಸುವಾಗ ಏಳುವ ಹುಳಿ ವಾಸನೆ. ಅದು ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಅದರಲ್ಲೇ ದೊಡ್ಡವಳಾದವಳು. ಚಹಾ ಕುಡಿಯಲಾಗಲಿಲ್ಲ.

ಆ ವರ್ಷ ಕಾಲುವೆಗೆ ನೀರು ಚೆನ್ನಾಗಿ ಬಂದಿತ್ತು. ಹಿರೇಕೊಟ್ನೆಕಲ್ ಕಡೆಯಿಂದ, ನೀರಮಾನ್ವಿ ಕಡೆಯಿಂದ ಭತ್ತದ ಟ್ರ್ಯಾಕ್ಟರುಗಳು ಮಿಲ್ಲಿನ ಗೇಟಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವ್ವ, ನಾನು, ಮಲ್ಲಿ ಮೂವರೂ ಮಿಲ್ಲಿನ ಕಂಪೌಂಡಿನೊಳಗೆ ಒಂದು ಖೋಲಿಯಲ್ಲಿದ್ದೆವು. ಅಪ್ಪ ಅದೇ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು, ತೀರಿಕೊಂಡು ವರ್ಷಗಳಾಗಿದ್ದವು. ಖೋಲಿಗೆ ಬಾಡಿಗೆ ಇರಲಿಲ್ಲ. ಕೆಲಸಕ್ಕೆ ಇರುವ ತನಕ ಖೋಲಿ, ಕೆಲಸ ಬಿಟ್ಟರೆ ಖೋಲಿಯನ್ನೂ ಬಿಡಬೇಕು, ಅದೇ ಪದ್ಧತಿ. ಬೇಯಿಸಿದ ಭತ್ತವನ್ನು ದೊಡ್ಡ ಸಿಮೆಂಟಿನ ಅಂಗಳದಲ್ಲಿ ಹರಡಿ, ಹೆಂಗಸರು ಬರಿಗಾಲಿನಿಂದ ಸಾಲು ಎಳೆಯುತ್ತ ತಿರುವುತ್ತಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ತೌಡಿನ ಧೂಳಿಗೆ ಅವ್ವನಿಗೆ ಕೆಮ್ಮು ಹತ್ತಿ, ಅಂಗಳಕ್ಕೆ ಬರಲಾಗದೆ ಖೋಲಿಯ ಬಾಗಿಲಲ್ಲಿ ಕುಳಿತು ಗೋಣಿಚೀಲ ಹೊಲಿಯುತ್ತಿದ್ದಳು.

ಮಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ನಮ್ಮ ಕುಲದಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಸಂಜೆ ಅಂಗಳದ ಭತ್ತವನ್ನು ಗುಡ್ಡೆ ಮಾಡುವಾಗ ನನ್ನ ಜತೆ ಕೈಜೋಡಿಸಿ, ಪಾಠ ಒಪ್ಪಿಸುತ್ತ ಪೊರಕೆ ಆಡಿಸುತ್ತಿದ್ದಳು. "ಅಕ್ಕಾ, ನಿನಗ ತಿಳೀತೇನು?" ಎನ್ನುತ್ತಿದ್ದಳು. "ನನಗ ತಿಳಿದ್ರ ನೀ ಯಾಕ ಸಾಲಿಗಿ ಹೋಗಬೇಕಿತ್ತಬೇ," ಎಂದರೆ ನಗುತ್ತಿದ್ದಳು. ಮನೆಗೆಲ್ಲ ಒಂದೇ ಫೋನು. ಅವಳ ಪಾಠಕ್ಕೆಂದೇ ತಂದದ್ದು.

ದೀಪಾವಳಿ ಅಮಾವಾಸ್ಯೆಗೆ ಮಿಲ್ಲಿನಲ್ಲಿ ಲಕ್ಷ್ಮೀ ಪೂಜೆ. ಗಾಡಿ ತೂಗುವ ಕಾಟಾಕ್ಕೂ ಅವತ್ತು ಕುಂಕುಮ, ಹೂವು. ಕಾಟಾಕ್ಕೆ ಆರತಿ ಎತ್ತುವುದು ಖೋಲಿಗಳ ಹೆಣ್ಣುಮಕ್ಕಳಲ್ಲಿ ಒಬ್ಬಳು. ಆ ವರ್ಷ ಮಲ್ಲಿಯ ಪಾಳಿ. ನನ್ನ ಹಳೆಯ ಹಸಿರು ಸೀರೆಯಲ್ಲಿ ಲಂಗ ಹೊಲಿದುಕೊಟ್ಟಿದ್ದೆ. ಕಾಟಾದಲ್ಲಿ ಕೂರುತ್ತಿದ್ದ ಹುಡುಗ ತನ್ನ ಹೊಸ ಫೋನಿನಲ್ಲಿ ಅವಳ ಫೋಟೋ ತೆಗೆದ. ಅವನು ಮಿಲ್ಲಿನ ಗುಮಾಸ್ತರ ಅಕ್ಕನ ಮಗ, ಇಪ್ಪತ್ತು ದಾಟಿದವನು. ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. "ಲಕ್ಷ್ಮಿ ಬಂದಂಗ ಅದ ನೋಡ್ರಿ ಅಕ್ಕಾ," ಎಂದು ಫೋಟೋ ತೋರಿಸಿದ. ನಾನು ಹಿಗ್ಗಿದೆ.

ಚಳಿ ಶುರುವಾದಾಗ ಮಲ್ಲಿ ಊಟ ಕಡಿಮೆ ಮಾಡಿದಳು. ಫೋನು ಗುಂಯ್ ಎಂದರೆ ಬೆಚ್ಚುತ್ತಿದ್ದಳು. ಒಂದು ಬೆಳಿಗ್ಗೆ ನೆನೆಹಾಕುವ ತೊಟ್ಟಿಯ ಹತ್ತಿರ ನಾನೊಬ್ಬಳೇ ಇದ್ದಾಗ ಬಂದು ನಿಂತಳು.

"ಅಕ್ಕಾ, ಒಂದು ತೋರಸ್ತೀನಿ. ಬೈಬ್ಯಾಡ."

ತೋರಿಸಿದಳು. ಹೆಸರಿಲ್ಲದ ಯಾವುದೋ ಖಾತೆಯಿಂದ ಬಂದಿತ್ತು. ಯಾವುದೋ ಕೆಟ್ಟ ಚಿತ್ರಕ್ಕೆ ನನ್ನ ತಂಗಿಯ ಮುಖ ಅಂಟಿಸಿದ್ದರು. ಕೆಳಗೆ ಬರೆದಿತ್ತು: ಹೇಳಿದಂತೆ ಕೇಳದಿದ್ದರೆ ಶಾಲೆಗೆಲ್ಲ ಕಳಿಸುತ್ತೇನೆ. ಅದರ ಕೆಳಗೆ ಇನ್ನೂ ಇದ್ದವು. ಐದನೆಯ ತರಗತಿ ಓದಿದವಳಿಗೆ ಅಷ್ಟು ಓದಲು ಬರುತ್ತದೆ. ಎಲ್ಲವನ್ನೂ ಓದಿದೆ.

"ಇದು ಕಾಟಾದವನ, ಅಕ್ಕಾ. ಮುಖ ನೋಡು, ಹಣಿ ಮ್ಯಾಲ ದೊಡ್ಡ ಕುಂಕುಮ ಅದ. ಆರತಿ ದಿನದ್ದು. ಆ ಫೋಟೋ ಅವನೊಬ್ಬನ ಹತ್ರ ಅದ. ನಾ ಏನೂ ಅಳಿಸಿಲ್ಲ. ಟೀಚರು ಹೇಳ್ಯಾರ, ಇಂಥದು ಬಂದ್ರ ಅಳಿಸಬ್ಯಾಡ್ರಿ, ಉತ್ತರ ಕೊಡಬ್ಯಾಡ್ರಿ, ಮನ್ಯಾಗ ದೊಡ್ಡವರಿಗೆ ತೋರಸ್ರಿ ಅಂತ."

ಅವಳು ಟೀಚರು ಕಲಿಸಿದಂತೆಯೇ ಮಾಡಿದ್ದಳು. ಮನೆಯ ದೊಡ್ಡವಳು ನಾನು. ನಾನು ಅವಳ ಕೆನ್ನೆಗೆ ಹೊಡೆದೆ. "ಫೋನ್ ಯಾಕ ಹಿಡೀಬೇಕಿತ್ತು ನೀನು!" ಎಂದೆ. ಆಮೇಲೆ ಫೋನನ್ನು ತೊಟ್ಟಿಗೆ ಎಸೆದೆ. ಬಿಸಿನೀರು, ಅದರ ಮೇಲೆ ತೇಲುವ ಜೊಳ್ಳು. ಬುಳಕ್ ಎಂದು ಮುಳುಗಿತು. ಮುಗಿಯಿತು ಎಂದುಕೊಂಡೆ. ಮಿಲ್ಲಿನಲ್ಲಿ ಕೆಟ್ಟುಹೋದ ಭತ್ತವನ್ನು ನಾವು ಹಾಗೆಯೇ ನೀರಿಗೆ ಬಿಟ್ಟು ಕಳೆಯುತ್ತಿದ್ದೆವು. ಚಿತ್ರವೂ ಫೋನಿನ ಸಂಗಡ ನೀರಲ್ಲಿ ಕರಗುತ್ತದೆ ಎಂದೇ ನಾನು ನಿಜವಾಗಿ ತಿಳಿದಿದ್ದೆ.

ಮಲ್ಲಿ ಕೆನ್ನೆ ಹಿಡಿದುಕೊಂಡು ತೊಟ್ಟಿಯನ್ನೇ ನೋಡುತ್ತ ನಿಂತಳು.

"ಅವನ ಹತ್ರ ಇದ್ದದ್ದು ಹಂಗ ಅದ ಅಕ್ಕಾ," ಎಂದಳು. "ನಮ್ಮ ಹತ್ರ ಇದ್ದದ್ದು ಹೋತು."

ಅವಳು ಶಾಲೆಗೆ ಹೋಗಿ ಟೀಚರಿಗೆ ಹೇಳಿದಳು. ಟೀಚರು ವಯಸ್ಸಾದವರು, ಮಾನ್ವಿಯ ಆಚಾರರ ಮನೆಯ ಸೊಸೆ, ಯಾರಿಗೂ ಹೆದರುವವರಲ್ಲ. ತಾವೇ ಮುಂದೆ ನಿಂತು ದೂರು ಕೊಡಿಸಿದರು. ಪೊಲೀಸರು ಹುಡುಗನನ್ನು ಕರೆದೊಯ್ದರು. ಅಷ್ಟರಲ್ಲಿ ಅವನ ಫೋನು ಬದಲಾಗಿತ್ತು. ಹಳೆಯದು ಎಲ್ಲೋ ಕಳೆಯಿತು ಎಂದನಂತೆ. ತೊಟ್ಟಿ ಖಾಲಿ ಮಾಡಿದಾಗ ನಮ್ಮ ಫೋನೂ ಸಿಕ್ಕಿತು. ಕುದ್ದು ಉಬ್ಬಿತ್ತು. ಅದರಿಂದ ಏನೂ ತೆಗೆಯಲಾಗದು ಎಂದರು. ಉಳಿದದ್ದು ಮಲ್ಲಿಯ ಮಾತು, ಮತ್ತು ನೋಡಿದವಳು ನಾನೊಬ್ಬಳು. ನೋಡಿದ್ದೇನೆ ಎಂದು ಪೊಲೀಸರ ಮುಂದೆ ಹೇಳಿಯೂ ಇದ್ದೆ.

ಕೆಲವು ದಿನಗಳಲ್ಲಿ ಹುಡುಗ ಜಾಮೀನಿನ ಮೇಲೆ ಹೊರಗೆ ಬಂದ. ಗುಮಾಸ್ತರು ಒಂದು ಮಧ್ಯಾಹ್ನ ನುಚ್ಚಿನ ಚೀಲ ಹೊರಿಸಿಕೊಂಡು ಖೋಲಿಗೆ ಬಂದರು. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಯವ್ವಾ, ಕೆಮ್ಮು ಹೆಂಗದ?"

"ಹಂಗ ಅದರೀ ಯಪ್ಪಾ."

"ಚಳ್ಯಾಗ ಹೊರಗ ತಿರಗಬ್ಯಾಡ. ಬೆಚ್ಚಗ ಖೋಲ್ಯಾಗ ಇರು." ಆಮೇಲೆ ನನ್ನ ಕಡೆ ತಿರುಗಿದರು. "ನೋಡವಾ, ಸುಳ್ಳ ಹೇಳು ಅಂತ ನಾ ಯಾರಿಗೂ ಹೇಳಾವಲ್ಲ. ನೋಡಿಲ್ಲ ಅಂದ್ರ ಸಾಕು. ನೀ ಏನು ಓದಿದಾಕೆನು? ಫೋನ್‌ನ್ಯಾಗಿಂದು ನಿನಗೇನು ತಿಳೀತದ? ಜಡ್ಜ್ ಸಾಹೇಬ್ರೂ ಒಪ್ತಾರ. ಸಾವ್ಕಾರ್ರು ಈ ಖೋಲಿ ಕೆಡವಿ ಗೋದಾಮು ಕಟ್ಟಸ್ತೀನಿ ಅಂತಾರ. ನಾನ ತಡದೀನಿ, ಪಾಪ, ಮೂರು ಹೆಣ್ಮಕ್ಕಳು ಎಲ್ಲಿ ಹೋಗ್ತಾವ ಅಂತ."

ಎಷ್ಟು ಮೆತ್ತಗೆ ಹೇಳಿದರೆಂದರೆ, ಅವ್ವ ಅವರಿಗೆ ಕೈ ಮುಗಿದಳು.

ನಾನು ಬೇರೆ ಮನೆ ಹುಡುಕಲಿಲ್ಲ ಅಂತಲ್ಲ. ಕೆಲಸ ಬಿಟ್ಟಾದ ಮೇಲೆ ಮಾನ್ವಿಯ ಓಣಿ ಓಣಿ ತಿರುಗಿದೆ. ಒಂದು ಕಡೆ ಮನೆಯಾಕೆ ಅಕ್ಕಿ ಆರಿಸುತ್ತ ಕುಳಿತಿದ್ದಳು.

"ಎಷ್ಟು ಮಂದಿ ಅದೀರಿ?"

"ಮೂರು ಮಂದಿ ಹೆಣ್ಮಕ್ಕಳ್ರಿ."

"ಗಂಡಸ್ರಿಲ್ಲೇನು? ಎಲ್ಲಿ ಕೆಲಸ?"

ಮಿಲ್ಲಿನ ಹೆಸರು ಹೇಳಿದೆ. ಅವಳ ಕೈ ನಿಂತಿತು. "ಪೊಲೀಸ್ ಬಂದಿದ್ರಲ್ಲ, ಅದ ಮಿಲ್ಲೇನು? ಆ ಹುಡುಗಿ ನಿಮ್ಮಾಕೆನು?" ನಾನು ಚಪ್ಪಲಿ ಮೆಟ್ಟಿಕೊಂಡೆ. "ನಮ್ಮ ತಮ್ಮ ಬರ್ತೀನಿ ಅಂದಾನವ್ವ. ಮನಿ ಖಾಲಿ ಇಲ್ಲ," ಎಂದು ಮತ್ತೆ ಅಕ್ಕಿಯ ಮೊರದ ಕಡೆ ಬಾಗಿದಳು.

ಎಲ್ಲ ಕಡೆಯೂ ಯಾರದೋ ತಮ್ಮನೋ ಅಳಿಯನೋ ಬರುವವನಿದ್ದ. ಕಾಟ ಕೊಟ್ಟವನು ಅದೇ ಕಾಟಾದ ಮೇಲೆ ಕುಳಿತು ಭತ್ತ ತೂಗುತ್ತಿದ್ದ. ನಮಗೆ ಮನೆ ಇರಲಿಲ್ಲ.

ಮಳೆ ಶುರುವಾದ ಮೇಲೆ ಕೋರ್ಟಿಗೆ ಕರೆ ಬಂತು. ಮಲ್ಲಿಯ ಹೇಳಿಕೆ ಮೊದಲು ಆಯಿತು. ಅವನ ಮುಖ ಕಾಣದಂತೆ ನಡುವೆ ಪರದೆ ಹಾಕಿದ್ದರಂತೆ. ಜಡ್ಜ್ ಸಾಹೇಬರು ಅವಳಿಗೆ ನೀರು ಕೊಡಿಸಿ, ನಿಧಾನವಾಗಿ ಹೇಳು ಮಗಳೇ ಎಂದರಂತೆ. ಬಸ್ಸಿನಲ್ಲಿ ಬರುವಾಗ ಎಲ್ಲ ಹೇಳಿದಳು. "ಒಂದೂ ಬಿಟ್ಟಿಲ್ಲ ಅಕ್ಕಾ. ಕುಂಕುಮದ್ದೂ ಹೇಳೀನಿ. ನಾಡಿದ್ದು ನೀನೂ ಹೇಳಿದಿ ಅಂದ್ರ ಮುಗೀತು, ಸರ್ಕಾರದ ವಕೀಲ್ರು ಅಂದ್ರು."

ನನ್ನ ಸರದಿಯ ದಿನ ಅವಳೂ ಬರುತ್ತೇನೆ ಎಂದು ಹಟ ಹಿಡಿದಳು. ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕುಳಿತಳು. ನಾನು ಒಳಗೆ ಹೋದೆ.

"ಫೋನ್‌ನಲ್ಲಿ ಏನಿತ್ತು, ನೋಡಿದ್ದೀರಾ?" ಎಂದರು ಸರ್ಕಾರದ ವಕೀಲರು.

ಅವ್ವನ ಕೆಮ್ಮು ಕಿವಿಯಲ್ಲಿತ್ತು. ಖೋಲಿಯ ಮೇಲೆ ಮಳೆ ಸುರಿಯುವ ತಗಡಿನ ಸದ್ದೂ ಇತ್ತು. "ನೋಡಿಲ್ರಿ," ಎಂದೆ.

ಗಟ್ಟಿಯಾಗಿ ಹೇಳಮ್ಮ ಎಂದರು.

"ನೋಡಿಲ್ರಿ! ನಾ ಓದಿದಾಕಿ ಅಲ್ರಿ. ಫೋನ್ ಕೈ ಜಾರಿ ತೊಟ್ಟ್ಯಾಗ ಬಿತ್ರಿ."

ವಕೀಲರು ಕೈಯಲ್ಲಿದ್ದ ಕಾಗದ ತಿರುವಿದರು. ಪೊಲೀಸರ ಮುಂದೆ ಬೇರೆ ಹೇಳಿದ್ದಿರಲ್ಲ ಎಂದು ಮತ್ತೆ ಮತ್ತೆ ಕೇಳಿದರು. ನಾನು ಅದನ್ನೇ ಹೇಳಿದೆ. ಹುಡುಗನ ವಕೀಲರು ನನಗೆ ಏನನ್ನೂ ಕೇಳಲಿಲ್ಲ, ಕೇಳುವ ಅಗತ್ಯ ಅವರಿಗಿರಲಿಲ್ಲ.

ಹೊರಗೆ ಬಂದಾಗ ಮಲ್ಲಿ ಎದ್ದು ಓಡಿ ಬಂದಳು. "ಹೇಳಿದೇನು?"

"ಹೇಳಿದೆ," ಎಂದೆ.

ಅವಳು ನನ್ನ ತೋಳು ಹಿಡಿದುಕೊಂಡಳು. ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿಸಿದೆ. ಶುಂಠಿ ಜಾಸ್ತಿ ಹಾಕ್ರಿ ಎಂದು ಗಾಡಿಯವನಿಗೆ ಹೇಳಿ, ಗ್ಲಾಸು ಎತ್ತಿ ಪೂರ್ತಿ ಕುಡಿದು, ತುಟಿಯ ಮೇಲಿನ ನೊರೆಯನ್ನು ಒರೆಸಿಕೊಳ್ಳದೆ ನನ್ನನ್ನು ನೋಡಿ ನಕ್ಕಳು. ತಿಂಗಳುಗಳ ಮೇಲೆ ಅವಳು ನಕ್ಕದ್ದು ಅದು. ನನ್ನ ಮುಂದೆ ನಕ್ಕದ್ದು ಅದೇ ಕೊನೆ.

ಮುಂದಿನ ದೀಪಾವಳಿಗೆ ಸ್ವಲ್ಪ ಮುಂಚೆ ತೀರ್ಪು ಬಂತು. ಸಾಬೀತಾಗಿಲ್ಲ ಎಂದು ಅವನನ್ನು ಬಿಟ್ಟರು. ಕಾರಣವನ್ನು ಟೀಚರು ವಕೀಲರಿಂದ ಕೇಳಿ ತಿಳಿದುಕೊಂಡು ಮಲ್ಲಿಗೆ ಹೇಳಿದರು. ಹೇಳಬಾರದಿತ್ತೇನೋ, ಆದರೆ ಅವಳು ಬಿಡದೆ ಕೇಳಿದಳಂತೆ. ಅವತ್ತು ಖೋಲಿಗೆ ಬಂದವಳು ಅಳಲಿಲ್ಲ. ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು.

"ನಾ ಸುಳ್ಳ ಹೇಳ್ದಂಗ ಆತು," ಎಂದಳು ಅವ್ವನಿಗೆ. ನನಗೆ ಹೇಳಲಿಲ್ಲ.

ದೇವದುರ್ಗದಲ್ಲಿ ಅಪ್ಪನ ತಂಗಿ ಇದ್ದಾಳೆ. ಮಲ್ಲಿ ಅವಳ ಮನೆಗೆ ಹೋದಳು. ಆ ಅಮಾವಾಸ್ಯೆಗೆ ಮಿಲ್ಲಿನಲ್ಲಿ ಕಾಟಾ ಪೂಜೆಯಾಯಿತು, ಬೇರೆ ಹುಡುಗಿ ಆರತಿ ಎತ್ತಿದಳು, ಅವನು ಫೋನು ಹಿಡಿದು ಮುಂದೆ ಬಂದ. ನಾನು ಅಂಗಳದಲ್ಲಿದ್ದೆ. ಆಗಲೂ ಏನೂ ಅನ್ನಲಿಲ್ಲ.

ದೇವದುರ್ಗದ ಶಾಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವಾಗ ಫೋಟೋ ಬೇಕಾಯಿತು. ಮಲ್ಲಿ ಸ್ಟುಡಿಯೋದ ಬಾಗಿಲ ತನಕ ಹೋಗಿ ತಿರುಗಿ ಬಂದಳಂತೆ. ಮತ್ತೊಂದು ದಿನ ಅತ್ತೆ ಕೈ ಹಿಡಿದು ಒಳಗೆ ಕೂರಿಸಿದರೆ, ಓಡಣಿಯಲ್ಲಿ ಮುಖ ಮುಚ್ಚಿಕೊಂಡು ತೆಗೆಯಲೇ ಇಲ್ಲವಂತೆ. ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಒಂದು ವರ್ಷ ಬಿಟ್ಟು ಕುಳಿತಳು. ಆ ಫೋಟೋ ತೆಗೆಸಿಕೊಳ್ಳಲು ಅವಳು ಎಷ್ಟು ಧೈರ್ಯ ಮಾಡಿರಬೇಕೋ ನನಗೆ ಗೊತ್ತಿಲ್ಲ. ಆಗ ನಾನು ಅಲ್ಲಿರಲಿಲ್ಲ.

ಅವ್ವ ಅದೇ ಖೋಲಿಯಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದ ಮಲ್ಲಿ ಅವ್ವನ ಕಾಲ ಬಳಿ ಕುಳಿತು, ಮಣ್ಣಾದ ಕೂಡಲೇ ಬಸ್ಸು ಹತ್ತಿದಳು. ಆಮೇಲೆ ನನಗೆ ಕಲ್ಲೂರಿನಲ್ಲಿ ಸರ್ಕಾರದ ಮನೆ ಸಿಕ್ಕಿತು. ಎರಡು ಕೋಣೆ. ಒಂದರಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದೇನೆ. ಇನ್ನೊಂದರ ಗೋಡೆಗೆ ಪುಸ್ತಕ ಇಡಲೆಂದು ಕಲ್ಲಿನ ಹಲಗೆ ಕೂರಿಸಿದೆ. ಅದರ ಮೇಲೆ ಇಡಲು ಏನೂ ಇಲ್ಲ.

ಹೋಟೆಲಿನ ಟಿವಿಯಲ್ಲಿ ಆ ಹೊತ್ತಿಗೆ ವಿಷಯ ಬದಲಾಗಿತ್ತು. ಬಡವರಿಗೆ ಮನೆ ಕಟ್ಟಿಸುವ ಮಾತು ನಡೆದಿತ್ತು. ಇವೆರಡೂ ಬೇರೆ ಬೇರೆ ವಿಷಯ ಎಂದು ಅಲ್ಲಿ ಕುಳಿತವರು ತಿಳಿದಿರಬಹುದು. ಆ ಮಳೆಗಾಲದಲ್ಲಿ ಮಾನ್ವಿಯ ಯಾವುದಾದರೂ ಓಣಿಯಲ್ಲಿ ನಮಗೊಂದು ಬಾಗಿಲು ತೆರೆದಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. ಇಲ್ಲವೇನೋ. ಮನೆಯ ಮೇಲೆ ಹಾಕಿ ನಾನು ಪಾರಾಗಲಾರೆ. ಮಲ್ಲಿಗೂ ಅದೇ ಖೋಲಿ, ಅದೇ ಅವ್ವ. ಹದಿನಾಲ್ಕರ ಹುಡುಗಿ ಅದೆಲ್ಲ ಗೊತ್ತಿದ್ದೇ ನಿಜ ಹೇಳಿದ್ದಳು.

ಕಲ್ಲೂರಿನ ಬಸ್ಸು ಬಂತು, ಹೋಯಿತು. ನಾನು ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ. ಕಿಟಕಿಯಾಚೆ ಹತ್ತಿ ಹೊಲಗಳಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಕೈಯಲ್ಲಿ ದಾರದ ಪೊಟ್ಟಣ ಹಾಗೆಯೇ ಇತ್ತು.

ಅತ್ತೆ ಹೊರಗೆ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎದುರು ಮನೆಯ ಹೆಂಗಸರಿಬ್ಬರು ಅವಳ ಜತೆ ಕುಳಿತಿದ್ದರು.

"ಯಾರಿದು, ಹಾದಿ ತಪ್ಪಿ ಬಂದೀಯೇನು?" ಎಂದಳು ಅತ್ತೆ. "ಕಲ್ಲೂರ ಸಾವ್ಕಾರ್ತಿ, ಬಾ. ಮನಿ ಸಿಕ್ಕ ಮ್ಯಾಲೆ ಮಂದೀನ ಮರತಿ."

ಮಲ್ಲಿ ಒಳಗಿನಿಂದ ಬಂದಳು. ಈಗ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ನನಗಿಂತ ಎತ್ತರವಾಗಿದ್ದಾಳೆ. ನನ್ನನ್ನು ನೋಡಿ ಓಡಣಿಯನ್ನು ಕತ್ತಿನಿಂದ ಗದ್ದಕ್ಕೆ ಎಳೆದುಕೊಂಡಳು. ಅದು ಅವಳ ಕೈಗೆ ಹತ್ತಿಬಿಟ್ಟ ರೂಢಿ.

"ಚಾ ಮಾಡ್ಲೇನು?" ಎಂದಳು.

"ಬ್ಯಾಡ. ಟಿವ್ಯಾಗ ದಿಲ್ಲಿ ಮಂದಿ ಮಾತಾಡಾಕತ್ತಿದ್ರು. ನಿನ್ನಂಥಾ ಹುಡುಗ್ಯಾರ ಬಗ್ಗಿ…"

"ನಾನೂ ನೋಡೀನಿ." ಅವಳು ಕಂಬಕ್ಕೆ ಒರಗಿದಳು. "ಅದನ್ನ ಹೇಳಾಕ ಇಷ್ಟು ದೂರ ಬಂದೇನು?"

ನಾನು ಹತ್ತಿರ ಹೋದೆ. ಅವಳ ಕಿವಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, "ತಪ್ಪಾತು," ಎಂದೆ.

ಅವಳು ಹಿಂದಕ್ಕೆ ಸರಿಯಲಿಲ್ಲ. ಹತ್ತಿರವೂ ಬರಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.

"ಕೇಳವಲ್ತು. ಗಟ್ಟ್ಯಾಗಿ ಹೇಳು. ಅಲ್ಲಿ ಹೇಳಿದ್ಯಲ್ಲ, ಹಂಗ."

ಎದುರು ಮನೆಯ ಹೆಂಗಸರ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಮೆಣಸಿನ ಘಾಟಿಗೆ ಕೆಮ್ಮು ಬಂತು, ಅವ್ವನ ಕೆಮ್ಮಿನಂತೆಯೇ. ಅದು ನಿಲ್ಲುವ ತನಕ ಮಲ್ಲಿ ಕಾದಳು.

ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದೆ.

"ನಾ ನೋಡಿದ್ದೆ, ಮಲ್ಲೀ. ಎಲ್ಲಾ ನೋಡಿದ್ದೆ, ಎಲ್ಲಾ ಓದಿದ್ದೆ. ಫೋನ್ ಕೈ ಜಾರಿ ಬೀಳಲಿಲ್ಲ, ನಾನ ಒಗದೆ. ಖೋಲಿ ಉಳೀಲಿ ಅಂತ ಕೋರ್ಟಿನ್ಯಾಗ ಸುಳ್ಳ ಹೇಳಿದಾಕಿ ನಾನು. ನೀ ಹೇಳಿದ್ದೆಲ್ಲಾ ಖರೇ. ತಪ್ಪಾತು ತಂಗೀ, ನಂದ ತಪ್ಪಾತು."